ಬೆಡಿ, ಬಂಡಿ ಮತ್ತು ‘ಕೋವಿಗಳ ಅಂಬಾಸಿಡರ್’

ಪ್ರಶ್ನೆ (ಬದಿಯಡ್ಕ):

ಬಲ್ಲವರೆಲ್ಲರಿಗೂ ನಮಸ್ಕಾರ. ಕೋವಿಗಳನ್ನು ಕಾರು, ಲಾರಿಗಳಿಗೆ ಹೋಲಿಸಿ ತಮಾಷೆ ಮಾಡುವ ಒಂದು ಬರಹ ಕನ್ನಡಕ್ಕೆ ಬರಬೇಕಾಗಿದೆ. ಮೂರು ಕಡೆ ಗಾಡಿ ಹೂತಿದೆ.

ಒಂದು, ‘ತ್ರೀನಾಟ್‌ತ್ರೀ ಎಂದರೆ ಕೋವಿಗಳ ಅಂಬಾಸಿಡರ್’ ಎಂಬ ವಾಕ್ಯ (ತ್ರೀನಾಟ್‌ತ್ರೀ ಎಂದರೆ ಪೊಲೀಸರ ಕೈಯಲ್ಲಿದ್ದ ಹಳೆ .303 ರೈಫಲ್). ಓದಿದವರೊಬ್ಬರು “ಯಾವ ದೇಶಕ್ಕೆ ಕಳುಹಿಸಿದ್ದಾರೆ?” ಎಂದು ಕೇಳಿದರು. ಎಲ್ಲಿ ಕೆಟ್ಟಿತು?

ಎರಡು, ನಮ್ಮಲ್ಲಿ ಬಾಯಿಮಾತಿಗೆ ಬೆಡಿ, ಪುಸ್ತಕಕ್ಕೆ ಕೋವಿ, ಪೇಪರಿಗೆ ಬಂದೂಕು. ತಮಾಷೆಗೆ ಯಾವುದು ಒಗ್ಗುತ್ತದೆ?

ಮೂರು, ಬೋರ್, ಚೋಕ್, ಸೈಲೆನ್ಸರ್, ಬುಲೆಟ್. ಇವು ಎರಡು ಕಡೆಯೂ ಉಂಟು. ಅರ್ಥವೂ ಒಂದೆಯೋ, ಬರೀ ಹೆಸರು ಒಂದೆಯೋ?

ಉತ್ತರ (ಮುಳ್ಳೇರಿಯ):

ಮಾಷ್ಟ್ರೇ, ಮೊದಲನೆಯದರಲ್ಲಿ ಕಾರಿನದ್ದು ತಪ್ಪಿಲ್ಲ, ‘ಗಳ’ದ್ದು ತಪ್ಪು. ಕನ್ನಡದಲ್ಲಿ ಇಂಥ ಹೋಲಿಕೆಗೆ ಷಷ್ಠಿ ಬರುವುದು ಒಡೆಯನಿಗೆ, ಇಲ್ಲವೇ ನೆಲಕ್ಕೆ, ನುಡಿಗೆ. ಬಡವರ ಬಾದಾಮಿ, ಕರ್ನಾಟಕದ ಕಾಶ್ಮೀರ, ಕನ್ನಡದ ಕಬೀರ. ನೆಲಗಡಲೆಯನ್ನು ‘ಕಾಳುಗಳ ಬಾದಾಮಿ’ ಎಂದು ಯಾರೂ ಹೇಳುವುದಿಲ್ಲ. ಜಾತಿಯ ಹೆಸರಿಗೆ ‘ಗಳ’ ಹತ್ತುವುದು ಮುಂದೆ ಪದವಿಯ ಹೆಸರು ಇದ್ದಾಗ: ಹಣ್ಣುಗಳ ರಾಜ ಮಾವು. ಅಂಬಾಸಿಡರ್ ಅನ್ನುವುದೂ ಒಂದು ಪದವಿಯೇ ತಾನೆ? ನಿಮ್ಮ ಓದುಗರು ಆ ದಾರಿ ಹಿಡಿದು ಸೀದಾ ರಾಯಭಾರ ಕಚೇರಿಗೆ ಹೋದರು. ಅವರದ್ದು ಏನೂ ತಪ್ಪಿಲ್ಲ.

ರಿಪೇರಿ ಎರಡು ಬಗೆ. ಉದ್ದಕ್ಕೆ ಹೇಳುವುದಾದರೆ ‘ಕಾರಿನಲ್ಲಿ ಅಂಬಾಸಿಡರ್ ಹೇಗೋ ಬೆಡಿಯಲ್ಲಿ ತ್ರೀನಾಟ್‌ತ್ರೀ ಹಾಗೆ’. ಗಿಡ್ಡಕ್ಕೆ ಬೇಕಾದರೆ ‘ತ್ರೀನಾಟ್‌ತ್ರೀ ಅಂದರೆ ಗುಂಡು ಹಾರಿಸುವ ಅಂಬಾಸಿಡರ್’. ಈ ಎರಡನೆಯದೇ ಒಳ್ಳೆಯದು. ‘ಹಾರಿಸುವ’ ಎಂಬ ಒಂದು ಕೃದಂತ ನಗುವನ್ನೂ ತರುತ್ತದೆ, ರಾಯಭಾರಿಯನ್ನೂ ಓಡಿಸುತ್ತದೆ.

ಹೋಲಿಕೆ ಮಾತ್ರ ಬಹಳ ಗಟ್ಟಿಯದ್ದು, ಬಿಡಬೇಡಿ. ಎರಡೂ ಇಂಗ್ಲೆಂಡಿನ ಮೂಲದವು: ಒಂದು ಲೀ-ಎನ್‌ಫೀಲ್ಡ್ ರೈಫಲ್, ಇನ್ನೊಂದು ಮೋರಿಸ್ ಆಕ್ಸ್‌ಫರ್ಡ್ ಕಾರು. ಎರಡೂ ಬಂಗಾಳದಲ್ಲಿ ಹೂಗ್ಲಿ ನದಿಯ ಆಚೆ ದಡ ಈಚೆ ದಡದಲ್ಲಿ ತಯಾರಾದವು: ರೈಫಲ್ ಇಷಾಪುರದಲ್ಲಿ, ಕಾರು ಉತ್ತರಪಾಡಾದಲ್ಲಿ. ಎರಡಕ್ಕೂ ಸರಕಾರವೇ ದೊಡ್ಡ ಗಿರಾಕಿ. ಕಾರಿನ ತಯಾರಿ 2014ರಲ್ಲಿ ನಿಂತಿತು. ರೈಫಲನ್ನು ಉತ್ತರಪ್ರದೇಶದ ಪೊಲೀಸರು ಕೈಬಿಟ್ಟದ್ದು 2020ರಲ್ಲಿ. ಹಳೆ ಅಂಬಾಸಿಡರಿನ ಗೇರು ಸ್ಟೇರಿಂಗಿನ ಕಂಬದಲ್ಲಿತ್ತಲ್ಲ, ಅದನ್ನು ಹಾಕುವುದಕ್ಕೂ ಈ ರೈಫಲಿನ ಬೋಲ್ಟ್ (ಕಾಡತೂಸನ್ನು ನಳಿಗೆಗೆ ದೂಡುವ ಅಗುಳಿ) ಆಡಿಸುವುದಕ್ಕೂ ಕೈಯ ಲೆಕ್ಕ ಹತ್ತಿರ ಹತ್ತಿರ. ಬೋಲ್ಟಿನ ಹಿಡಿಯನ್ನು ಮೇಲೆತ್ತಬೇಕು, ಹಿಂದಕ್ಕೆ ಎಳೆಯಬೇಕು, ಮುಂದಕ್ಕೆ ದೂಡಬೇಕು, ಕೆಳಗೆ ಒತ್ತಬೇಕು. ಮುಂದಕ್ಕೆ ದೂಡುವಾಗ ಕೊನೆಗೆ ಕೈಗೆ ಸ್ವಲ್ಪ ಬಿಗಿ ಸಿಗುತ್ತದೆ, ಯಾಕೆಂದರೆ ಸ್ಪ್ರಿಂಗು ಸೆಟೆಯುವುದು ಆಗಲೇ. ತಿಳಿಯದವರು ಅಲ್ಲಿ ಕೈ ಸಡಿಲಿಸುತ್ತಾರೆ, ಬೋಲ್ಟ್ ಅರ್ಧದಲ್ಲಿ ನಿಲ್ಲುತ್ತದೆ. ಇನ್ನೊಂದು ತಂಟೆ ತೋಟೆಯದ್ದು, ಅಂದರೆ ಕಾಡತೂಸಿನದ್ದು. ಇದರ ತೋಟೆಗೆ ಬುಡದಲ್ಲಿ ಅಂಚು ಉಂಟು. ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತರೆ ಎರಡೂ ಒಂದಕ್ಕೊಂದು ಸಿಕ್ಕಿಕೊಂಡು ಬೋಲ್ಟ್ ಮುಂದೆ ಹೋಗುವುದಿಲ್ಲ. ‘ಗೇರು ಬೀಳುವುದಿಲ್ಲ’ ಎಂದು ಅನುವಾದಿಸಿದರೆ ಗ್ಯಾರೇಜಿನವರಿಗೂ ಅರ್ಥವಾಗುತ್ತದೆ.

ಗ್ಲಾಕ್ ಪಿಸ್ತೂಲಿಗೆ ಮಾರುತಿ 800 ಹೊಂದುತ್ತದೆ. ಅದು 1982ರಲ್ಲಿ ಆಸ್ಟ್ರಿಯಾದ ಸೈನ್ಯಕ್ಕೆ ಆಯ್ಕೆಯಾಯಿತು, ಇದು 1983ರ ಡಿಸೆಂಬರಿನಲ್ಲಿ ರಸ್ತೆಗಿಳಿಯಿತು. ಒಂದು ಪ್ಲಾಸ್ಟಿಕ್ಕಿನದ್ದು, ಇನ್ನೊಂದು ತಗಡಿನದ್ದು ಎಂದು ನಕ್ಕವರೇ ಆಮೇಲೆ ಅದನ್ನೇ ಕೊಂಡರು. ಆದರೆ ‘ಪ್ಲಾಸ್ಟಿಕ್ ಪಿಸ್ತೂಲು’ ಎಂದು ಪೂರ್ತಿ ಬರೆಯಬೇಡಿ. ಹಿಡಿಯಿರುವ ಚೌಕಟ್ಟು ಮಾತ್ರ ಪ್ಲಾಸ್ಟಿಕ್ಕು, ಮೇಲೆ ಜಾರುವ ಭಾಗ ಮತ್ತು ನಳಿಗೆ ಉಕ್ಕು.

ಜೋಡಿನಳಿಗೆಯ ಬೆಡಿಗೆ ಯೆಜ್ದಿ ಬೈಕು ಎಂಬ ಹೋಲಿಕೆ ಮಾತ್ರ ನೋಡಲು ಚೆಂದ, ಒಳಗೆ ಪೊಳ್ಳು. ಮೈಸೂರಿನ ಆ ಬೈಕಿಗೆ ಸೈಲೆನ್ಸರ್ ಎರಡಾದರೂ ಸಿಲಿಂಡರ್ ಒಂದೇ. ಒಂದೇ ಹೊಗೆ ಎರಡು ಬಾಯಲ್ಲಿ ಹೊರಗೆ ಬರುವುದು. ಜೋಡಿನಳಿಗೆಯಲ್ಲಿ ನಳಿಗೆಗೊಂದು ತೋಟೆ, ಹೆಚ್ಚಾಗಿ ನಳಿಗೆಗೊಂದು ಟ್ರಿಗರ್. ಹೋಲಿಸಲೇಬೇಕಾದರೆ ಎರಡು ಸಿಲಿಂಡರಿನ ಗಾಡಿ ಹುಡುಕಿ.

ಎರಡನೆಯದಕ್ಕೆ ಬರುತ್ತೇನೆ. ಕಾಸರಗೋಡಿನ ಓದುಗರಿಗಾದರೆ ಕಣ್ಣುಮುಚ್ಚಿ ಬೆಡಿ ಬರೆಯಿರಿ. ಮಲಯಾಳದ ವೆಡಿಯೇ ನಮ್ಮ ಬೆಡಿ. ಅಲ್ಲಿ ವಕಾರ ಇದ್ದಲ್ಲಿ ಇಲ್ಲಿ ಬಕಾರ: ವಾಳ-ಬಾಳೆ, ವಳ-ಬಳೆ, ವಯಲ್-ಬಯಲು, ವೇರ್-ಬೇರು. ಅದೇ ಸಾಲಿನಲ್ಲಿ ವಂಡಿ-ಬಂಡಿಯೂ ಬರುತ್ತದೆ ಎಂಬುದು ನಿಮಗೆ ಪುಕ್ಕಟೆ ಸಿಕ್ಕಿದ ಪ್ರಾಸ. ಅರ್ಥ ಮಾತ್ರ ಬೇರೆ ಬೇರೆ ದಿಕ್ಕಿಗೆ ಹೋಗಿದೆ. ಮಲಯಾಳದಲ್ಲಿ ವೆಡಿ ಎಂದರೆ ಹೊಡೆತ ಮತ್ತು ಸಿಡಿಮದ್ದು, ಆಯುಧಕ್ಕೆ ತೋಕ್ಕ್ ಎಂಬ ಬೇರೆ ಹೆಸರುಂಟು. ನಾವು ಆಯುಧಕ್ಕೂ ಬೆಡಿ, ಕುಂಬಳೆಯ ಜಾತ್ರೆಗೂ ಬೆಡಿ. ‘ಕುಂಬಳೆ ಬೆಡಿಗೆ ಹೋಗಿದ್ದೆ’ ಎಂದರೆ ಇಲ್ಲಿ ಯಾರೂ ಹೆದರುವುದಿಲ್ಲ. ವಂಡಿ ಅಲ್ಲಿ ಕಾರಿನಿಂದ ರೈಲಿನ ತನಕ ಎಲ್ಲಕ್ಕೂ ಆಗುತ್ತದೆ. ನಮ್ಮ ಬಂಡಿ ಇನ್ನೂ ಎತ್ತಿನ ಹಿಂದೆಯೇ ಉಂಟು, ಮೋಟಾರಿಗೆ ಗಾಡಿ ಬೇಕು.

ಘಟ್ಟದ ಮೇಲಿನವರು ಓದುವುದಾದರೆ ಕೋವಿ ಎಂದೇ ಇಡಿ. ಅವರು ಬೆಡಿಯನ್ನು ಅಚ್ಚಿನ ತಪ್ಪೆಂದು ತಿಳಿದು ಬೇಡಿ ಮಾಡಿಬಿಡುತ್ತಾರೆ. ‘ಪೊಲೀಸರು ಬೆಡಿ ತೆಗೆದರು’ ಎಂಬಲ್ಲಿ ಒಂದು ದೀರ್ಘ ಬಿದ್ದರೆ ಕಳ್ಳನಿಗೆ ಬಿಡುಗಡೆ! ಅಕ್ಕಲಕೋಟೆ, ಸೊಲ್ಲಾಪುರದ ಕಡೆಯವರಿಗೆ ಬಂದೂಕೇ ಮನೆಮಾತು.

ನಿಜ ಹೇಳಬೇಕೆಂದರೆ ಕನ್ನಡದಲ್ಲಿ ಈ ತಮಾಷೆ ಇರುವುದು ನಾಮಪದದಲ್ಲಲ್ಲ, ‘ಬಿಡು’ ಎಂಬ ಕ್ರಿಯಾಪದದಲ್ಲಿ. ನಮ್ಮ ಕರಾವಳಿಯಲ್ಲಿ ಬೆಡಿ ಬಿಡುವುದು, ಕಾರು ಬಿಡುವುದು, ರೈಲು ಬಿಡುವುದು. ಮೂರನೆಯದಕ್ಕೆ ಲೈಸೆನ್ಸು ಬೇಡ. ಮಲಯಾಳದವರು ಕಟ್ಟೆಯಲ್ಲಿ ಕೂತು ಪಟ್ಟಾಂಗ ಹೊಡೆಯುವುದಕ್ಕೆ ‘ವೆಡಿ ಪರಯುಗ’ ಎನ್ನುತ್ತಾರೆ. ಅವರ ಹರಟೆಗೆ ಮದ್ದು, ನಮ್ಮ ಸುಳ್ಳಿಗೆ ಹಳಿ. ‘ಅವನು ಬಿಟ್ಟದ್ದು ಬೆಡಿಯೋ ರೈಲೋ ಗೊತ್ತಾಗಲಿಲ್ಲ’ ಎಂಬ ವಾಕ್ಯ ಮೂಲದಲ್ಲಿ ಇಲ್ಲದಿದ್ದರೂ ಸೇರಿಸಿಕೊಳ್ಳಿ, ಯಾವ ಅನುವಾದಕನೂ ಅದಕ್ಕೆ ಜೈಲಿಗೆ ಹೋಗುವುದಿಲ್ಲ.

ಮೂರನೆಯದರಲ್ಲಿ ಒಂದೊಂದು ಪದಕ್ಕೂ ಒಂದೊಂದು ಲೆಕ್ಕ.

ಬೋರ್: ಹುಟ್ಟು ಒಂದೇ, ಅಳತೆ ತಿರುಗಾಮುರುಗಾ. ಎರಡರಲ್ಲೂ ಕೊಳವೆಯ ಒಳವ್ಯಾಸಕ್ಕೇ ಆ ಹೆಸರು, ಅದು ಕಾಕತಾಳೀಯವೂ ಅಲ್ಲ. ಜಾನ್ ವಿಲ್ಕಿನ್‌ಸನ್ 1774ರಲ್ಲಿ ಫಿರಂಗಿ ಕೊರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಮರುವರ್ಷ ಅವನು ಮಾಡಿದ ಕೊರೆಯಂತ್ರದಿಂದಲೇ ಜೇಮ್ಸ್ ವಾಟ್‌ನ ಉಗಿಯಂತ್ರಕ್ಕೆ ಸರಿಯಾದ ಸಿಲಿಂಡರ್ ಸಿಕ್ಕಿತು. ಆದರೆ ಎಂಜಿನಿನಲ್ಲಿ ಬೋರ್ ಮಿಲಿಮೀಟರಿನಲ್ಲಿ: ಸ್ಪ್ಲೆಂಡರಿಗೆ 50, ಮಾರುತಿ 800ಕ್ಕೆ 68.5. ಸವೆದರೆ ಕೊರೆಸಿ 0.25, 0.50 ಮಿ.ಮೀ. ದೊಡ್ಡ ಪಿಸ್ಟನ್ ಹಾಕಿಸುತ್ತಾರೆ, ಸಂಖ್ಯೆ ಏರುತ್ತದೆ. ಚರೆ, ಅಂದರೆ ಸಣ್ಣ ಸೀಸದ ಕಾಳು, ಹಾರಿಸುವ ಬೆಡಿಯಲ್ಲಿ ಹಾಗಲ್ಲ. ನಳಿಗೆಯಲ್ಲಿ ಸರಿಯಾಗಿ ಕೂರುವ ಸೀಸದ ಗುಂಡುಗಳು ಎಷ್ಟಾದರೆ ಒಂದು ಪೌಂಡು, ಅಂದರೆ 453.6 ಗ್ರಾಂ, ಆಗುತ್ತದೋ ಅದು ಬೋರ್. ಹನ್ನೆರಡು ಗುಂಡಿಗೆ ಪೌಂಡಾದರೆ ಹನ್ನೆರಡು ಬೋರು, ವ್ಯಾಸ ಸುಮಾರು 18.5 ಮಿ.ಮೀ. ಹದಿನಾರು ಬೋರೆಂದರೆ ಅದಕ್ಕಿಂತ ಸಣ್ಣದು, 16.8. ಈ ಲೆಕ್ಕದಲ್ಲಿ ಮಾರುತಿಯ ಸಿಲಿಂಡರಿಗೆ ಕೂರುವ ಸೀಸದ ಗುಂಡು ಒಂದೇ ಸುಮಾರು 1.9 ಕಿಲೋ ತೂಗುತ್ತದೆ, ಅಂದರೆ ನಮ್ಮ ಮಾರುತಿ ಕಾಲು ಬೋರಿಗೂ ಕಡಿಮೆ. ಹಾಗಾಗಿ ‘ದೊಡ್ಡ ಬೋರ್’ ಎಂಬಲ್ಲಿ ಸಂಖ್ಯೆ ಹಾಕುವ ಮೊದಲು ಎರಡು ಸಲ ನೋಡಿ. .410 ಎಂಬುದು ಬಂದರೆ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ಇಂಚಿನಲ್ಲಿ ಹೇಳಿದ ವ್ಯಾಸ.

ಚೋಕ್: ಕತ್ತು ಹಿಸುಕುವುದು ಎರಡೂ ಕಡೆ ಉಂಟು, ಯಾರ ಕತ್ತು ಎಂಬುದು ಬೇರೆ. ಬೆಡಿಯಲ್ಲಿ ಅದು ನಳಿಗೆಯ ತುದಿಯ ಇಕ್ಕಟ್ಟು, ಫುಲ್ ಚೋಕಿಗೆ ಸುಮಾರು ಒಂದು ಮಿ.ಮೀ. ಚರೆ ಬೇಗ ಹರಡದೆ ಹೋಗಲು ಅದು. 40 ಗಜ ದೂರದ 30 ಇಂಚಿನ ವೃತ್ತದೊಳಗೆ ನೂರರಲ್ಲಿ ಎಪ್ಪತ್ತು ಚರೆ ಬಿದ್ದರೆ ಫುಲ್ ಚೋಕ್. ಚೋಕೇ ಇಲ್ಲದಿದ್ದರೆ ಸುಮಾರು ನಲ್ವತ್ತು. ಕಾರ್ಬುರೇಟರಿನ ಚೋಕ್ ಹಿಸುಕುವುದು ಒಳಬರುವ ಗಾಳಿಯನ್ನು. ತಣ್ಣಗಿರುವ ಎಂಜಿನಿಗೆ ಪೆಟ್ರೋಲಿನ ಪಾಲು ಹೆಚ್ಚಿಸಲು. ಬಿಸಿಯಾದ ಮೇಲೆ ತೆಗೆಯಲು ಮರೆತರೆ ಪ್ಲಗ್ಗಿಗೆ ಮಸಿ ಹಿಡಿದು ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ. ಬೆಡಿಯ ಚೋಕನ್ನು ಮರೆಯುವ ಮಾತಿಲ್ಲ, ಅದು ನಳಿಗೆಯಲ್ಲೇ ಕೊರೆದದ್ದು, ಇಲ್ಲವೇ ತುದಿಗೆ ತಿರುಪಿದ್ದು. ‘ಚೋಕ್ ಎಳೆ’ ಎಂಬ ಜೋಕು ಬೆಡಿಗೆ ಕೂರುವುದಿಲ್ಲ.

ಸೈಲೆನ್ಸರ್: ಇದು ನಿಜವಾದ ಅಣ್ಣತಮ್ಮಂದಿರ ಪದ. ಹಿರಂ ಪರ್ಸಿ ಮ್ಯಾಕ್ಸಿಂ 1909ರಲ್ಲಿ ಬೆಡಿಯ ಸೈಲೆನ್ಸರಿಗೆ ಪೇಟೆಂಟ್ ಪಡೆದ, ಅದೇ ತತ್ತ್ವದಲ್ಲಿ ಎಂಜಿನಿಗೂ ಮಾಡಿದ. ಅವನ ಅಪ್ಪ ಮ್ಯಾಕ್ಸಿಂ ಮೆಷಿನ್ ಗನ್ನಿನವನು. ಅಪ್ಪ ಎಬ್ಬಿಸಿದ ಸದ್ದನ್ನು ಮಗ ಅಡಗಿಸಲು ಹೊರಟ! ಎರಡರಲ್ಲೂ ಕೆಲಸ ಒಂದೇ: ಒತ್ತಡದ ಹೊಗೆಯನ್ನು ಕೋಣೆಯಿಂದ ಕೋಣೆಗೆ ಸುತ್ತಿಸಿ ಸುಸ್ತು ಮಾಡಿ ಹೊರಬಿಡುವುದು. ಎರಡರಲ್ಲೂ ಹೆಸರು ಸುಳ್ಳು, ಸದ್ದು ತಗ್ಗುತ್ತದೆ, ಹೋಗುವುದಿಲ್ಲ. ಗುಂಡು ಶಬ್ದಕ್ಕಿಂತ ವೇಗದ್ದಾದರೆ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರ್ ಮೀರಿದರೆ, ಅದು ಗಾಳಿ ಸೀಳುವ ಚಟಾರನ್ನು ಯಾವ ಡಬ್ಬಿಯೂ ತಡೆಯುವುದಿಲ್ಲ. ಸಿನಿಮಾದ ‘ಪುಸಕ್’ ಅನುವಾದಕ್ಕೆ ಬೇಡ.

ಬುಲೆಟ್: ಇಲ್ಲಿ ಎಚ್ಚರ. ಬೆಡಿಯಲ್ಲಿ ಹಾರಿಹೋಗುವ ಗುಂಡು ಮಾತ್ರ ಬುಲೆಟ್. ಮದ್ದು, ಅದಕ್ಕೆ ಕಿಡಿ ಹಚ್ಚುವ ಕೇಪು, ಗುಂಡು ಕೂಡಿದ್ದು ತೋಟೆ ಅಥವಾ ಕಾಡತೂಸು. ರಸ್ತೆಯಲ್ಲಿ ಬುಲೆಟ್ ಎಂದರೆ ರಾಯಲ್ ಎನ್‌ಫೀಲ್ಡ್ ಬೈಕು. ‘ಬೆಡಿಯಂತೆ ಮಾಡಿದ್ದು’ ಎಂಬುದು ಆ ಕಂಪೆನಿಯ ಹಳೆಯ ಘೋಷಣೆಯೇ ಆಗಿತ್ತು, ಎನ್‌ಫೀಲ್ಡ್ ಎಂಬ ಹೆಸರೂ ಇಂಗ್ಲೆಂಡಿನ ಆ ಹೆಸರಿನ ಊರಿನ ಕೋವಿ ಕಾರ್ಖಾನೆಯ ನಂಟಿನಿಂದ ಬಂದದ್ದು. ಆದರೆ ತಲಪಾಡಿಯಿಂದ ತೆಂಕಕ್ಕೆ ಹೆದ್ದಾರಿ 66ರಲ್ಲಿ ಬುಲೆಟ್ ಎಂದರೆ ಮಂಗಳೂರಿನಿಂದ ಅಡುಗೆ ಅನಿಲ ಹೊತ್ತು ಬರುವ ಟ್ಯಾಂಕರು. ಒತ್ತಡದ ಅನಿಲಕ್ಕೆ ಮೂಲೆ ಇರಬಾರದು, ಅದಕ್ಕೇ ಉದ್ದನೆಯ ಉರುಟು ಮೈ, ದುಂಡು ತುದಿ, ಅದಕ್ಕೇ ಆ ಹೆಸರು. ‘ಬುಲೆಟ್ ಪಲ್ಟಿ’ ಎಂದು ಓದಿದ ಬೆಂಗಳೂರಿನವರು ಬೈಕ್ ಸವಾರನಿಗೆ ಮರುಗುತ್ತಾರೆ, ಉಪ್ಪಳದವರು ಒಲೆ ಆರಿಸುತ್ತಾರೆ.

ಮರುಮಾತು (ಹೊಸೂರು):

ಅಣ್ಣಾ, ಬೆಡಿ ಅನ್ನೋದು ನಮ್ಮ ಕಡೆ ಇಲ್ಲ, ನಮ್ಮದು ತುಪಾಕಿ. ಆದರೆ ಒಂದು ಪದ ಬಿಟ್ಟಿದ್ದೀರಿ: ಕುದುರೆ. ತಮಿಳಿನಲ್ಲೂ ತುಪ್ಪಾಕಿಗೆ ಕುದಿರೈ ಇದೆ, ಹಿಂದಿಯಲ್ಲಿ ಘೋಡಾ. ಕಾರಿಗಂತೂ ಅಶ್ವಶಕ್ತಿ ಇದ್ದೇ ಇದೆ. ಇದಕ್ಕಿಂತ ಸಲೀಸಾದ ಶ್ಲೇಷೆ ಬೇಕೇ? ಮತ್ತೆ ಪಿಸ್ಟನ್, ಪಿಸ್ತೂಲು ಎರಡೂ ಒಂದೇ ಬೇರಿನವೇ?

ಉತ್ತರ (ಮುಳ್ಳೇರಿಯ):

ಒಳ್ಳೆ ಪದ ನೆನಪಿಸಿದಿರಿ ತಮ್ಮಾ. ಕುದುರೆ ಎಂದರೆ ಬೆರಳಲ್ಲಿ ಎಳೆಯುವ ಟ್ರಿಗರ್ ಅಲ್ಲ, ಹಿಂದಕ್ಕೆ ಸೆಟೆಸಿ ನಿಲ್ಲಿಸುವ, ಬಿಟ್ಟಾಗ ಕೇಪಿಗೆ ಬಡಿಯುವ ಸುತ್ತಿಗೆ. ಇಂಗ್ಲಿಷಿನವರು ಅದನ್ನೇ ಹುಂಜ (ಕಾಕ್) ಮಾಡಿದ್ದಾರೆ. ಈಗ ‘ಕುದುರೆ ಎಳೆ’ ಎಂದು ಟ್ರಿಗರಿಗೂ ಹೇಳುವವರಿದ್ದಾರೆ, ಬರವಣಿಗೆಯಲ್ಲಿ ಬೇರೆ ಬೇರೆ ಇಟ್ಟರೆ ಚೆಂದ. ಆದ್ದರಿಂದ ಈ ಶ್ಲೇಷೆಯನ್ನು ತ್ರೀನಾಟ್‌ತ್ರೀಗೆ ಕಟ್ಟಬೇಡಿ, ಅದಕ್ಕೆ ಸುತ್ತಿಗೆಯೇ ಇಲ್ಲ, ಬೋಲ್ಟಿನೊಳಗೆ ಸ್ಪ್ರಿಂಗು ಮತ್ತು ಮುಳ್ಳು. ಕೇಪಿನ ಬೆಡಿಗೆ ಒಂದು ಕುದುರೆ, ಹಳೆಯ ಜೋಡಿನಳಿಗೆಗೆ ಹೊರಗೇ ಕಾಣುವ ಎರಡು. ‘ಅಜ್ಜನ ಬೆಡಿ ಎರಡು ಎಚ್‌ಪಿಯದ್ದು’ ಎಂದರೆ ತೋಟಕ್ಕೆ ಪಂಪು ಇಟ್ಟವರೆಲ್ಲ ನಗುತ್ತಾರೆ.

ಪಿಸ್ಟನ್ನಿಗೂ ಪಿಸ್ತೂಲಿಗೂ ನಂಟಿಲ್ಲ. ಮೊದಲನೆಯದು ಲ್ಯಾಟಿನಿನ ‘ಕುಟ್ಟು’ ಎಂಬ ಧಾತುವಿನಿಂದ ಇಟಲಿಯ ದಾರಿಯಾಗಿ ಬಂದದ್ದು, ಒನಕೆಯ ಬಳಗ. ಎರಡನೆಯದು ಚೆಕ್ ನುಡಿಯ, ಕೊಳಲು ಎಂಬರ್ಥದ ಪದದಿಂದ ಬಂದಿರಬೇಕೆಂದು ಹೆಚ್ಚಿನವರ ಮತ. ಪದಗಳು ದಾಯಾದಿಗಳಲ್ಲದಿದ್ದರೂ ವಸ್ತುಗಳು ಹೌದು. ಹಾಲೆಂಡಿನ ಹೈಗನ್ಸ್ 1670ರ ದಶಕದಲ್ಲಿ ಸಿಲಿಂಡರಿನೊಳಗೆ ಕೋವಿಮದ್ದು ಸಿಡಿಸಿ ಪಿಸ್ಟನ್ ಆಡಿಸುವ ಯಂತ್ರ ಮಾಡಿ ನೋಡಿದ್ದ. ಹಾಗೆ ನೋಡಿದರೆ ಎಂಜಿನ್ ಎಂದರೆ ಗುಂಡು ಹೊರಗೆ ಹೋಗದ ಬೆಡಿ.

ಪ್ರಶ್ನೆ (ಬದಿಯಡ್ಕ):

ಉಪಕಾರವಾಯಿತು. ಒಂದೇ ಒಂದು ಉಳಿಯಿತು. ‘ತುಂಬಿದ ಕೋವಿ, ಕುಡಿದ ಡ್ರೈವರ್, ಎರಡೂ ಅಪಾಯ’ ಎಂಬ ಸಾಲಿಗೆ ಒಂದೇ ಪದದಲ್ಲಿ ದಾರಿ ಉಂಟೋ?

ಉತ್ತರ (ಮುಳ್ಳೇರಿಯ):

ಉಂಟಲ್ಲ ಮಾಷ್ಟ್ರೇ, ‘ಗುಂಡು ಹಾಕಿದ ಬೆಡಿ, ಗುಂಡು ಹಾಕಿದ ಡ್ರೈವರ್’. ‘ಎರಡೂ ಅಪಾಯ’ ಎಂಬುದನ್ನು ಕಿತ್ತುಹಾಕಿ.