1984ರ ಕಾರ್ಪೋವ್–ಕಾಸ್ಪರೋವ್ ಮ್ಯಾಚ್ ನಿಲ್ಸಿದ್ದು ಯಾರಿಗೆ ಅನ್ಯಾಯ?

ಗಂಗಾವತಿ_ಪ್ಯಾದೆ:
ನಮಸ್ಕಾರ್ರಿ. ಇಲ್ಲಿ ಸಂಜಿಗೆ ಐದಾರು ಮಂದಿ ಕೂಡಿ ಚೆಸ್ ಆಡ್ತೀವಿ, ನಿನ್ನೆ ಆಟಕ್ಕಿಂತ ಜಗಳನ ಜಾಸ್ತಿ ಆತು. ಮಾಸ್ಕೋದಾಗ 1984ರ ಸೆಪ್ಟೆಂಬರ್‌ದಾಗ ಚಾಲೂ ಆದ ವರ್ಲ್ಡ್ ಚಾಂಪಿಯನ್‌ಶಿಪ್ ಮ್ಯಾಚನ್ನ 1985 ಫೆಬ್ರವರಿಗೆ ನಡುವ ನಿಲ್ಸಿಬಿಟ್ರಲ್ರಿ, ಆಗ ಚಾಂಪಿಯನ್ ಆಗಿದ್ದ ಕಾರ್ಪೋವ್ 5–3 ಮುಂದಿದ್ದ, ಇನ್ನೊಂದು ಗೆದ್ದಿದ್ರ ಮುಗೀತಿತ್ತು. ಅನ್ಯಾಯ ಆಗಿದ್ದು ಅವಂಗ ಅಲ್ಲೇನು? ಇಲ್ಲಿ ಹುಡುಗ್ರು ಕಾಸ್ಪರೋವ್‌ಗ ಅಂತಾರ.

ರಾಯಚೂರ್_ಕುದುರಿ:
ಹುಡುಗ್ರು ಹೇಳಿದ್ದೇ ಖರೆ ಅದ. ಬರೇ ಸ್ಕೋರ್ ನೋಡಬ್ಯಾಡ್ರಿ, ಯಾರು ಯಾವಾಗ ಗೆದ್ರು ನೋಡ್ರಿ. ಮೊದಲು ಆರು ಗೇಮ್ ಗೆದ್ದವನೇ ಚಾಂಪಿಯನ್, ಡ್ರಾಕ್ಕ ಲೆಕ್ಕಿಲ್ಲ. 9 ಗೇಮಿನಾಗೇ ಕಾರ್ಪೋವ್ 4–0, ಆಮ್ಯಾಲ ಸಾಲಾಗಿ 17 ಡ್ರಾ, 27ನೇದು ಗೆದ್ದು 5–0. ಅಲ್ಲಿಂದ 21 ಗೇಮ್ ಆಡಿದ್ರೂ ಆ ಆರನೇದು ಅವನ ಕೈಗೆ ಸಿಗಲೇ ಇಲ್ಲ! ಕಾಸ್ಪರೋವ್ 32ನೇದು ಗೆದ್ದ, ಕೊನೀಗೆ 47, 48 ಎರಡೂ ಬೆನ್ನಬೆನ್ನಿಗೆ ಹೊಡದ. ಆಗಲೇ ಫಿಡೆ (ಜಗತ್ತಿನ ಚೆಸ್ ಸಂಸ್ಥೆ) ಅಧ್ಯಕ್ಷ ಕಂಪೋಮನೆಸ್ ಬಂದು ಆಟಗಾರ್ರು ದಣದಾರ ಅಂತ ಬಂದ್ ಮಾಡಿದ. ದಣದಿದ್ದು ಯಾರು ಅಂತ ಬಿಡಿಸಿ ಹೇಳ್ಬೇಕೇನು? ಕಾರ್ಪೋವ್ ಒಣಗಿ ಹೋಗಿದ್ದ. ನಮ್ಮ ರಾಯಚೂರಾಗ ಮೇ ತಿಂಗಳು ಕರೆಂಟ್ ಹೋದ್ರ ಎರಡು ಗೇಮಿಗೇ ತಲಿ ತಿರಗ್ತದ, ಅಲ್ಲಿ ಐದು ತಿಂಗಳು ರೀ.

ಬಳ್ಳಾರಿ_ಬ್ಲಿಟ್ಜ್:
ಅಣ್ಣಾ ಒಂದ್ನಿಮಿಷ. ಕಾರ್ಪೋವ್‌ಗೆ ಒಂದು ಸಾಕಿತ್ತು, ಕಾಸ್ಪರೋವ್‌ಗೆ ಇನ್ನೂ ಮೂರು ಬೇಕಿತ್ತು, ಅದೂ ನಡುವೆ ಒಂದೂ ಸೋಲಂಗಿಲ್ಲ. ಆಟ ನಿಲ್ಸಿ ಹೊಸ ಮ್ಯಾಚ್ 0–0ಯಿಂದ ಅಂದ್ರೆ ಎರಡು ಗೇಮಿನ ಲೀಡ್ ನೀರಾಗೆ ಹೋಯ್ತಲ್ಲ. ಇಬ್ರೂ ಮುಂದುವರಿಸ್ತೀವಿ ಅಂದಿದ್ರು, ಕೇಳ್ಲಿಲ್ಲ. ನನ್ನ ಕೇಳಿದ್ರೆ ತಪ್ಪಿರೋದು ರೂಲಿಂದು, ಗೇಮ್‌ಗಳಿಗೆ ಮಿತಿನೇ ಇಲ್ದಂಗೆ ಮ್ಯಾಚ್ ಇಟ್ರೆ ಇನ್ನೇನಾಗ್ತೈತೆ. ಮುಂದಿಂದಕ್ಕೆ 24 ಗೇಮ್ ಅಂತ ಕಟ್ಟು ಹಾಕಿದ್ರು ನೋಡಿ.

ರಾಯಚೂರ್_ಕುದುರಿ:
ಆ 24ರಾಗ ಕಾಸ್ಪರೋವ್ 13–11 ಪಾಯಿಂಟಿಲೆ (ಇದ್ರಾಗ ಡ್ರಾಕ್ಕೂ ಅರ್ಧ ಪಾಯಿಂಟ್) ಗೆದ್ದು 22ನೇ ವಯಸ್ಸಿಗೆ ಚಾಂಪಿಯನ್ ಆದ, ಅದನ್ನೂ ಹೇಳ್ರಿ 😄 16ನೇ ಗೇಮ್ ಬೋರ್ಡ್ ಮ್ಯಾಲ ಹಚ್ಚಿ ನೋಡ್ರಿ, ಕರೇ ಕುದುರಿ ಡಿ3 ಮನ್ಯಾಗ ಬಂದು ಕುಂತು ಕಾರ್ಪೋವ್‌ನ ಆನಿಗಳಿಗೆ ಅಲ್ಲಾಡಾಕ ಬಿಡಲ್ಲ.

ಬಳ್ಳಾರಿ_ಬ್ಲಿಟ್ಜ್:
ಆ ಗೇಮ್‌ಗೆ ಎದುರು ಮಾತೇ ಇಲ್ಲ. ಆದ್ರೂ ಕಾರ್ಪೋವ್‌ನ ಕಮ್ಮಿ ಅನ್ಬೇಡಿ, ಐದು ಮ್ಯಾಚ್ ಸೇರಿ 144 ಗೇಮಲ್ಲಿ ಕಾಸ್ಪರೋವ್ ಗೆದ್ದಿದ್ದು 21, ಇವನು 19, ಉಳಿದ 104 ಡ್ರಾ. 1987ರಲ್ಲಿ ಸೆವಿಲ್‌ನಾಗೆ 23ನೇ ಗೇಮ್ ಗೆದ್ದು ಕಿರೀಟ ಕಿತ್ಕೊಂಡೇಬಿಟ್ಟ ಅನ್ನಂಗಿತ್ತು, ಕೊನೇ ಗೇಮ್ ಕಾಸ್ಪರೋವ್ ಗೆದ್ದು 12–12 ಸಮ ಮಾಡಿ, ಚಾಂಪಿಯನ್ ಆಗಿದ್ದಕ್ಕೆ ಕಿರೀಟ ಉಳಿಸ್ಕೊಂಡ.

ಗಂಗಾವತಿ_ಪ್ಯಾದೆ:
ಇಬ್ರಿಗೂ ಥ್ಯಾಂಕ್ಸ್ ರೀ. ಇವತ್ತ ಸಂಜಿಗೆ ಆ 16ನೇ ಗೇಮ್ ಹಚ್ಚತೀವಿ, ಜಗಳ ಮಾತ್ರ ನಿಲ್ಲಂಗಿಲ್ಲ.