ಒಂಬತ್ತು ವರ್ಷದ ಸ್ಟಿಕ್ಕರ್ ಪಟ್ಟಿ ತೆಗೀಬೇಕು, ಕೆಳಗಿನ ಬಣ್ಣ ಉಳೀಬೇಕು

ಕೊಪ್ಪಳ_ಕೆಎ37

ನಮಸ್ಕಾರ್ರಿ ಎಲ್ಲರಿಗೂ. 2013ರ ಹ್ಯಾಚ್‌ಬ್ಯಾಕ್, ಕೆಂಪು ಬಣ್ಣ, ಮೆಟಾಲಿಕ್ ಅಲ್ಲ. ಬಾನೆಟ್‌ನಿಂದ ಟಾಪ್ ಮ್ಯಾಲೆ ಹಾದು ಡಿಕ್ಕಿತನಕ ನಾಲ್ಕಿಂಚು ಅಗಲದ ಎರಡು ಬಿಳಿ ಪಟ್ಟಿ, ಎರಡೂ ಬದಿ ಬಾಗಿಲಿಗೆ ಒಂದೊಂದು ಕರಿ ಪಟ್ಟಿ. ಎಲ್ಲಾ ಅಂಗಡ್ಯಾಗ ಹಚ್ಚಿಸಿದ್ದು, ಕಂಪನಿಯಿಂದ ಬಂದದ್ದಲ್ಲ. ಹಚ್ಚಿ ಒಂಬತ್ತು ವರ್ಷ ಆತು. ಬಾನೆಟ್ ಮ್ಯಾಲಿಂದು ಒಣಗಿದ ಹಪ್ಪಳ ಆಗೈತಿ, ಉಗುರು ಹಾಕಿದ್ರ ಚೂರುಚೂರಾಗಿ ಉದರ್ತೈತಿ. ಬಾಗಿಲಿಂದು ಇನ್ನೂ ಮೆತ್ತಗೈತಿ. ಎಡಗಡೆ ಹಿಂದಿನ ಬಾಗಿಲು ಒಮ್ಮೆ ಟಿಂಕರಿಂಗ್ ಆಗಿ ಬಣ್ಣ ಹೊಡ್ಸಿದ್ದು, ಯಾವ ಪೇಂಟ್ ಅಂತ ಗೊತ್ತಿಲ್ಲ. ಹಿಂದಿನ ಬಂಪರ್ ಮ್ಯಾಲೂ ಪಟ್ಟಿ ಇಳದೈತಿ.

ಥಿನ್ನರ್ ಹಚ್ಚಿ ತಿಕ್ಕಿದ್ರ ಐದು ನಿಮಿಷದ ಕೆಲಸ ಅಂತಾರ, ಧೈರ್ಯ ಬರ್ವಲ್ದು. ಹೀಟ್ ಗನ್ ಬೇಕೋ, ಮನ್ಯಾಗಿನ ಹೇರ್ ಡ್ರೈಯರ್ ಸಾಕೋ? ಗಮ್ ಯಾವುದ್ರಲೆ ತೆಗೀಬೇಕು? ಪಟ್ಟಿ ಹೋದಮ್ಯಾಗ ಅದರ ಗುರುತು ಉಳಿತೈತಲ್ಲ, ಅದು ಹೋಗ್ತೈತೇನ್ರಿ?

ಬಳ್ಳಾರಿ_ಬಫಿಂಗ್

ಥಿನ್ನರ್ ಬಾಟಲಿಯನ್ನ ಸದ್ಯಕ್ಕೆ ದೂರ ಇಡಿ. ಅದಕ್ಕೆ ಒಂದೇ ಒಂದು ಉಪಯೋಗ ಇದೆ, ಆಮೇಲೆ ಯಾರಾದರೂ ಹೇಳ್ತಾರೆ.

ಮೊದಲು ಅದು ಸ್ಟಿಕ್ಕರ್ರೇ ಹೌದೋ ಅಂತ ಎಲ್ಲ ಕಡೆ ಉಗುರಲ್ಲಿ ಸವರಿ ನೋಡಿ. ಅಂಚು ಉಗುರಿಗೆ ಸಿಕ್ಕರೆ ವಿನೈಲ್, ಅಂದ್ರೆ ಪ್ಲಾಸ್ಟಿಕ್ ಸ್ಟಿಕ್ಕರ್. ಅಂಚೇ ಸಿಗದೆ ನುಣ್ಣಗಿದ್ದರೆ ಪಟ್ಟಿ ಲ್ಯಾಕರಿನ (ಬಣ್ಣದ ಮೇಲಿನ ಪಾರದರ್ಶಕ ಪದರ) ಅಡಿಯಲ್ಲಿದೆ ಅಂತ ಅರ್ಥ, ಅದನ್ನ ಕೀಳೋಕಾಗಲ್ಲ, ಪ್ಯಾನೆಲ್ಲನ್ನೇ ಪೇಂಟ್ ಮಾಡಿಸಬೇಕು. ನಿಮ್ಮದು ವಿನೈಲ್ ಅನ್ನೋದು ಸ್ಪಷ್ಟ.

ಇನ್ನು ತೊಳೆಯೋದು. ನಮ್ಮ ಕಡೆ ಬಣ್ಣ ಗೀರು ಬೀಳೋದು ಪಟ್ಟಿ ಕೀಳುವಾಗಲ್ಲ, ಸರಿಯಾಗಿ ತೊಳೆಯದೆ ಗಮ್ ಉಜ್ಜುವಾಗ. ಸಂಡೂರು, ತೋರಣಗಲ್ಲು, ನಿಮ್ಮ ಗಿಣಿಗೇರಾ ಕಡೆ ಓಡಾಡೋ ಗಾಡಿ ಮೇಲೆ ಕೂರೋದು ಬರೀ ಮಣ್ಣಲ್ಲ, ಕಬ್ಬಿಣದ ಪುಡಿ. ಪಟ್ಟಿಯ ಅಂಚಿಗೆ ಗಮ್ ಸ್ವಲ್ಪ ಹೊರಗೆ ಇಣುಕಿರುತ್ತಲ್ಲ, ಅಲ್ಲಿ ಸಾಲಾಗಿ ಅಂಟಿಕೊಂಡಿರುತ್ತೆ. ಆ ಗೆರೆ ಮೇಲೆ ಬಟ್ಟೆ ಆಡಿಸಿದರೆ ಎಮರಿ ಪೇಪರ್ ಆಡಿಸಿದ ಹಾಗೇ. ಕಾರ್ ಶಾಂಪೂ ಹಾಕಿ ಎರಡು ಸಲ ತೊಳೆಯಿರಿ. ಆಮೇಲೆ ನೆರಳಲ್ಲಿ ನಿಲ್ಲಿಸಿ, ಪ್ಯಾನೆಲ್ ತಣ್ಣಗಾದ ಮೇಲೆ ಐರನ್ ರಿಮೂವರ್ ಸ್ಪ್ರೇ ಮಾಡಿ. ಕಬ್ಬಿಣ ಇದ್ದಲ್ಲಿ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತೆ. ಮೂರ್ನಾಲ್ಕು ನಿಮಿಷ ಬಿಟ್ಟು, ಒಣಗೋಕೆ ಮೊದಲೇ ತೊಳೆದುಬಿಡಿ. ಕೆಲವು ವಾಷಿಂಗ್ ಸೆಂಟರ್‌ಗಳಲ್ಲಿ ಈ ಕಬ್ಬಿಣದ ಪುಡಿಯ ಕೆಂಪು ಚುಕ್ಕೆಗೆ ಆಸಿಡ್ ಹಾಕ್ತಾರೆ, ಬೇಡ ಅನ್ನಿ. ಬೋರ್ ನೀರಾದರೆ ತಾನಾಗಿ ಒಣಗೋಕೆ ಬಿಡಬೇಡಿ, ಸುಣ್ಣದ ಕಲೆ ಕೂರುತ್ತೆ.

ಬಿಸಿ ಮಾಡೋಕೆ ಹೇರ್ ಡ್ರೈಯರ್ ಸಾಕು. ಹೀಟ್ ಗನ್ ಬಾಯಲ್ಲಿ ಬರೋ ಗಾಳಿ ನೂರಾರು ಡಿಗ್ರಿ ಇರುತ್ತೆ, ಕೈ ಪಳಗದವರು ಒಂದು ಜಾಗದಲ್ಲಿ ಐದಾರು ಸೆಕೆಂಡ್ ಹಿಡಿದರೆ ಬಣ್ಣ ಗುಳ್ಳೆ ಏಳುತ್ತೆ. ನಿಮಗೆ ಬೇಕಿರೋದು ಪ್ಯಾನೆಲ್ ಮೇಲೆ 50ರಿಂದ 60 ಡಿಗ್ರಿ. ಅಂದಾಜು ಹೇಗೆ ಅಂದ್ರೆ, ಅಂಗೈ ಹಿಂಭಾಗ ಇಟ್ಟರೆ ಎರಡು ಸೆಕೆಂಡಿಗೆ ತಾನಾಗೇ ತೆಗೀಬೇಕು ಅನಿಸಬೇಕು. ಏಪ್ರಿಲ್-ಮೇನಲ್ಲಿ ಮಾಡೋದಾದ್ರೆ ಬಾನೆಟ್ಟಿಗೆ ಡ್ರೈಯರ್ರೂ ಬೇಡ, ಮಧ್ಯಾಹ್ನ ಒಂದು ತಾಸು ಬಿಸಿಲಿಗೆ ಬಿಟ್ಟರೆ ಆಯ್ತು. ನಮ್ಮ ಬಿಸಿಲು ಒಂದು ಕೆಲಸಕ್ಕಾದರೂ ಬರಲಿ.

ಅತಿ ಬಿಸಿಯೂ ತಪ್ಪು. ಹದವಾಗಿ ಕಾದಾಗ ಗಮ್ ಪಟ್ಟಿಯ ಜೊತೇಲೇ ಎದ್ದು ಬರುತ್ತೆ. ಹೆಚ್ಚು ಕಾದರೆ ವಿನೈಲ್ ರಬ್ಬರ್ ಹಾಗೆ ಹಿಗ್ಗಿ ಹರಿಯುತ್ತೆ, ಗಮ್ ಪೂರ್ತಿ ಕಾರಿನ ಮೇಲೇ ಉಳಿಯುತ್ತೆ. ತಣ್ಣಗಿದ್ದರೆ ಪಟಪಟ ಅಂತ ತುಂಡಾಗುತ್ತೆ. ಹಾಗಾಗಿ ಒಂದು ಗೇಣು ಉದ್ದ ಕಾಯಿಸಿ, ಅಷ್ಟೇ ಕೀಳಿ, ಮತ್ತೆ ಮುಂದಕ್ಕೆ ಹೋಗಿ. ತುದಿಯನ್ನ ಉಗುರಲ್ಲಿ ಅಥವಾ ಪ್ಲಾಸ್ಟಿಕ್ ಬ್ಲೇಡಲ್ಲಿ ಎಬ್ಬಿಸಿ (ಹಳೇ ಎಟಿಎಂ ಕಾರ್ಡ್ ನಡೆಯುತ್ತೆ, ಚಿಪ್ ಇರೋ ಕಡೆ ಕತ್ತರಿಸಿ ಬಿಸಾಕಿ). ಮೇಲಕ್ಕೆ ಜಗ್ಗಬೇಡಿ. ಎದ್ದ ಭಾಗವನ್ನ ಪಟ್ಟಿಯ ಮೇಲೇ ಮಡಚಿ, ಕಾರಿಗೆ ತಾಗಿಸಿಕೊಂಡಂತೆ ಹಿಂದಕ್ಕೆ ನಿಧಾನವಾಗಿ ಎಳೀರಿ. ಸೆಕೆಂಡಿಗೆ ಒಂದು ಬೆರಳಗಲ, ಅದಕ್ಕಿಂತ ಜೋರು ಬೇಡ.

ಹಿಂದಿನ ಬಂಪರ್ ಪ್ಲಾಸ್ಟಿಕ್, ನೆನಪಿರಲಿ. ತಗಡು ಶಾಖವನ್ನ ಸುತ್ತ ಹರಡುತ್ತೆ, ಪ್ಲಾಸ್ಟಿಕ್ ಬಿದ್ದಲ್ಲೇ ಹಿಡಿದಿಟ್ಟುಕೊಳ್ಳುತ್ತೆ. ಅಲ್ಲಿ ಡ್ರೈಯರ್ ಮಾತ್ರ, ಅದೂ ಆಡಿಸ್ತಾ ಅರ್ಧ ನಿಮಿಷ.

ರಾಯಚೂರು_ಟಿಂಕರಿಂಗ್

ಮೇಲಿನವರು ಹೇಳಿದ್ದು ಕಂಪನಿ ಬಣ್ಣಕ್ಕ ಪೂರಾ ಸರಿ ಅದ. ಆ ಎಡಗಡೆ ಹಿಂದಿನ ಬಾಗಿಲಿನ ಲೆಕ್ಕ ಬ್ಯಾರೆ. ಕಂಪನ್ಯಾಗ ಬಣ್ಣ ಭಟ್ಟ್ಯಾಗ ಬೇಯಿಸಿರ್ತಾರ, ಅದು ಸ್ಟಿಕ್ಕರಿಗೆಲ್ಲ ಎದ್ದು ಬರಂಗಿಲ್ಲ. ಹೊರಗ ಹೊಡ್ಸಿದ್ದು ಪುಟ್ಟಿ ಮ್ಯಾಲೆ ಕುಂತಿರ್ತದ. ಪುಟ್ಟಿ ಸರಿಯಾಗಿ ತಿಕ್ಕದೆ, ಪ್ರೈಮರ್ ಹಾಕದೆ ಹೊಡ್ದಿದ್ರ ಪಟ್ಟಿ ಜೊತಿಗೆ ಬಣ್ಣಾನೂ ಹಾಳೆ ಹಂಗ ಎದ್ದು ಬರ್ತದ.

ಥಿನ್ನರಿನ ಆ ಒಂದೇ ಉಪಯೋಗ ಇಲ್ಲಿ ಅದ. ಬಿಳಿ ಅರಿವಿ ತುದಿಗೆ ಎರಡು ಹನಿ ಎನ್‌ಸಿ (ನೈಟ್ರೊಸೆಲ್ಯುಲೋಸ್) ಥಿನ್ನರ್ ಹಾಕಿ, ಬಾಗಿಲಿನ ಹೊರಮೈ ತೀರಾ ಕೆಳಗಿನ ಅಂಚಿಗೆ ಹತ್ತು ಸೆಕೆಂಡ್ ಒತ್ತಿ ಒರೆಸ್ರಿ. ಬಾಗಿಲು ತೆಗೆದು ಒಳಗ ನೋಡಬ್ಯಾಡ್ರಿ, ಒಳಗ ಕಂಪನಿ ಬಣ್ಣಾನೇ ಉಳಿದಿರ್ತದ, ಮೋಸ ಆಗ್ತದ. ಅರಿವಿಗೆ ಕೆಂಪು ಗಾಢ ಹತ್ತಿ, ಆ ಜಾಗ ಅಂಟಂಟಾದ್ರ ಅದು ಡ್ಯೂಕೊ, ಅಂದ್ರ ಎನ್‌ಸಿ ಪೇಂಟ್. ಏನೂ ಹತ್ತದಿದ್ರ, ಇಲ್ಲಾ ಬರೇ ಮಾಸಲು ಛಾಯೆ ಬಂದ್ರ, ಹಾರ್ಡ್‌ನರ್ ಹಾಕಿದ 2ಕೆ ಪೇಂಟ್, ಅಷ್ಟು ಹೆದರಿಕಿ ಇಲ್ಲ.

ಡ್ಯೂಕೊ ಆಗಿದ್ರ ಹಿಂಗ ಮಾಡ್ರಿ. ಶಾಖ ಕಮ್ಮಿ, ಮುಟ್ಟಿದ್ರ ಬೆಚ್ಚಗ ಅನಿಸೋವಷ್ಟು, ಯಾಕಂದ್ರ ಎನ್‌ಸಿ ತಾನೂ ಬಿಸಿಗೆ ಮೆತ್ತಗಾಗ್ತದ. ಕೆಳಗಿನ ಹಿಂದಿನ ಮೂಲಿಯಿಂದ ಶುರು ಮಾಡ್ರಿ, ಕೆಟ್ರೂ ಕಣ್ಣಿಗೆ ಬೀಳಂಗಿಲ್ಲ. ಪ್ರತಿ ಎರಡು ಇಂಚಿಗೆ ಕಿತ್ತ ಪಟ್ಟಿಯ ಬೆನ್ನು ತಿರುವಿ ನೋಡ್ರಿ. ಅಲ್ಲಿ ಕೆಂಪು ಚುಕ್ಕಿ ಕಂಡ ಕೂಡಲೆ ನಿಲ್ಲಿಸ್ರಿ. ಎದ್ದಷ್ಟು ಪಟ್ಟಿ ಕತ್ತರಿಲೆ ಕತ್ತರಿಸ್ರಿ, ಬ್ಲೇಡ್ ಬ್ಯಾಡ. ಉಳಿದದ್ದಕ್ಕ ಎಂಟಿಒ (ಮಿನರಲ್ ಟರ್ಪೆಂಟೈನ್) ತೋಯಿಸಿದ ಅರಿವಿಯನ್ನ ಪಟ್ಟಿಯ ಅಂಚಿಗೆ ಹಾಕಿ, ಮ್ಯಾಲೆ ಪ್ಲಾಸ್ಟಿಕ್ ಹಾಳಿ ಮುಚ್ಚಿ ಹತ್ತು ನಿಮಿಷ ಬಿಡ್ರಿ. ಅಂಚಿನಿಂದ ಒಳಗ ಇಳಿದು ಗಮ್ ಬಿಡಿಸ್ತದ. ಒಮ್ಮೆಗೆ ಕಾಲಿಂಚು, ಅರ್ಧ ಇಂಚು ಬರ್ತದ, ಅಷ್ಟೇ. ಅರ್ಧ ದಿನದ ಕೆಲಸ ಅದು, ಬೇಜಾರ್ ಮಾಡ್ಕೋಬಾರ್ದು.

ಎಂಟಿಒ ಯಾವ ಪೇಂಟ್ ಅಂಗಡ್ಯಾಗೂ ಸಿಗ್ತದ. ಇಡೀ ಗಾಡಿಗೆ ಅರ್ಧ ಲೀಟರ್ ಸಾಕು. ಚಿಮಣಿ ಎಣ್ಣಿ ಮನ್ಯಾಗಿದ್ರ ಅದೂ ನಡೀತದ, ಬರೇ ವಾಸನಿ. ಪೆಟ್ರೋಲ್ ಬ್ಯಾಡ್ರಿ: ಗಮ್ ಕರಗೋಕ್ಕಿಂತ ಮೊದಲು ಹಾರಿಹೋಗ್ತದ, ಬಾಜೂಕ ಡ್ರೈಯರ್ ಓಡ್ತಿದ್ರ ಬೆಂಕಿ. ಎಂಟಿಒನೂ ಉರೀತದ. ಅದು ಹಚ್ಚಿದ ಜಾಗ ತೊಳೆದು ಒಣಗೋತನಕ ಅಲ್ಲಿ ಡ್ರೈಯರ್ ಹಚ್ಚಬಾರ್ದು.

ಬಳ್ಳಾರಿ_ಬಫಿಂಗ್

ಸರಿಯಾಗಿ ಹೇಳಿದಿರಿ. ಒಂದು ಸೇರಿಸ್ತೀನಿ: ಡ್ಯೂಕೊ ಅಂತ ಗೊತ್ತಾದ್ರೆ ಆ ಬಾಗಿಲಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಕೂಡ ಮುಟ್ಟಿಸಬೇಡಿ, ಅದೂ ಮೆತ್ತಗೆ ಮಾಡುತ್ತೆ. ಬೇರೆ ಪ್ಯಾನೆಲ್‌ಗಳಲ್ಲಿ ಎಂಟಿಒ ಹಾಕಿ ಗಮ್ ತೆಗೆದ ಮೇಲೆ ಎಣ್ಣೆ ಪಸೆ ಉಳಿಯುತ್ತೆ. ಶಾಂಪೂನಲ್ಲಿ ತೊಳೆದು, ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಒಮ್ಮೆ ಒರೆಸಿ. ಪಸೆ ಇದ್ದರೆ ಮುಂದೆ ಹಚ್ಚೋ ಕಾಂಪೌಂಡ್ (ಬಣ್ಣ ಉಜ್ಜೋ ಪೇಸ್ಟ್) ಕೆಲಸ ಮಾಡಲ್ಲ, ಜಾರುತ್ತೆ.

ಗಮ್ ತೆಗೆಯೋದು ನೆರಳಲ್ಲಿ, ತಣ್ಣನೆ ಪ್ಯಾನೆಲ್ ಮೇಲೆ. ಬಿಸಿಲಲ್ಲಿ ಪಟ್ಟಿ ಕಿತ್ತ ಹುಮ್ಮಸ್ಸಲ್ಲೇ ಎಂಟಿಒ ಸುರಿದರೆ ಅದು ಆರಿ, ಕರಗಿದ ಗಮ್ ಮತ್ತೆ ತೆಳ್ಳಗೆ ಹರಡಿಕೊಂಡು ಕೂರುತ್ತೆ, ಮೊದಲಿಗಿಂತ ಕಷ್ಟ. ಟಿಶ್ಯೂ ಪೇಪರ್ ತೋಯಿಸಿ ಐದು ನಿಮಿಷ ಹೊದಿಸಿ, ಗಮ್ ಉಬ್ಬಿದ ಮೇಲೆ ಮೈಕ್ರೊಫೈಬರ್ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಎತ್ತಿ. ಬಟ್ಟೆ ಆರೇಳು ಇಟ್ಟುಕೊಳ್ಳಿ, ಗಮ್ ಮೆತ್ತಿದ ಬದಿಯನ್ನ ಮತ್ತೆ ಬಳಸಿದರೆ ಅಲ್ಲಿಂದ ತೆಗೆದದ್ದನ್ನ ಇಲ್ಲಿ ಹಚ್ಚಿದ ಹಾಗಾಯ್ತು.

ಕೊಪ್ಪಳ_ಕೆಎ37

ಬಾಗಿಲು ನೋಡಿದೆ, ಅರಿವಿಗೆ ಕೆಂಪು ಹತ್ತಿತು. ಡ್ಯೂಕೋನ ಐತಿ. ಅದನ್ನ ನೀವು ಹೇಳಿದಂಗ ಎಂಟಿಒದಾಗ ಮಾಡ್ತೀನಿ. ಬಾನೆಟ್ ಮ್ಯಾಲಿನ ಹಪ್ಪಳಕ್ಕ ಏನರ ದಾರಿ ಐತೇನ್ರಿ? ಬಿಸಿ ಮಾಡಿದ್ರೂ ಉಗುರಗಲ ಚೂರು ಬಿಟ್ರ ಬರವಲ್ದು. ಒಬ್ಬರು ಗ್ರೈಂಡರಿಗೆ ರಬ್ಬರ್ ಚಕ್ರ ಹಾಕಿ ತಿಕ್ಕು ಅಂದ್ರು.

ರಾಯಚೂರು_ಟಿಂಕರಿಂಗ್

ಗ್ರೈಂಡರಿಗೆ ಹಾಕಬ್ಯಾಡ್ರಿ! ಚಕ್ರ ಸರಿ, ಮಷೀನ್ ತಪ್ಪು. ನಾಲ್ಕಿಂಚಿನ ಆಂಗಲ್ ಗ್ರೈಂಡರ್ ನಿಮಿಷಕ್ಕ ಹತ್ತಿರ ಹತ್ತಿರ 11,000 ಸುತ್ತು ತಿರುಗ್ತದ. ಈ ಇರೇಸರ್ ವೀಲ್‌ಗಳ ಮಿತಿ ಸಾಮಾನ್ಯವಾಗಿ 4,000, ಚಕ್ರದ ಮ್ಯಾಲೇ ಬರ್ದಿರ್ತದ. ಮಿತಿ ದಾಟಿದ್ರ ಒಂದೋ ಬಣ್ಣ ಸುಡ್ತದ, ಇಲ್ಲಾ ಚಕ್ರ ಒಡೆದು ಮಕಕ್ಕ ಹಾರ್ತದ.

ಸ್ಪೀಡ್ ಕಮ್ಮಿ ಮಾಡೋಕ ಬರೋ ಡ್ರಿಲ್ ಮಷೀನಿಗೆ ಹಾಕ್ರಿ, 1,500 ಸುತ್ತಿನ ಆಸುಪಾಸು ಇಡ್ರಿ. ಒತ್ತಬ್ಯಾಡ್ರಿ, ಮಷೀನಿನ ಭಾರಾನೇ ಸಾಕು. ಒಂದು ಜಾಗದಾಗ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಬ್ಯಾಡ್ರಿ, ಹಿಂದಮುಂದ ಆಡಿಸ್ತಾ ಹೋಗ್ರಿ, ನಡುವ ಕೈ ಇಟ್ಟು ಬಿಸಿ ನೋಡ್ರಿ. ಬಾನೆಟ್ ಅಂಚು, ಮಡಿಕಿ ಗೆರಿ ಇವುಗಳ ಮ್ಯಾಲೆ ಚಕ್ರ ಬ್ಯಾಡ, ಅಲ್ಲಿ ಬಣ್ಣ ಮೊದಲೇ ತೆಳ್ಳಗಿರ್ತದ, ಅವನ್ನ ಕೈಲೇ ತೆಗೀರಿ. ಬಂಪರಿಗೂ ಬ್ಯಾಡ, ಆ ಡ್ಯೂಕೊ ಬಾಗಿಲಿಗಂತೂ ಬ್ಯಾಡೇ ಬ್ಯಾಡ. ಕನ್ನಡಕ, ಮಾಸ್ಕ್ ಹಾಕ್ರಿ, ರಬ್ಬರ್ ಪುಡಿ ಮಳಿ ಸುರಿದಂಗ ಸುರೀತದ.

ಹಪ್ಪಳ ಯಾಕ ಆಗ್ತದ ಅಂದ್ರ, ವಿನೈಲಿನಾಗ ಅದನ್ನ ಮೆತ್ತಗ ಇಡೋ ಪದಾರ್ಥ ಬಿಸಿಲಿಗೆ ವರ್ಷಾನುಗಟ್ಲೆ ಹೊರಗ ಹೋಗ್ತದ. ಬಾಗಿಲಿಗೆ ಬಿಸಿಲು ಓರೆ ಬೀಳ್ತದ, ಬಾನೆಟ್ಟಿಗೆ ನೆಟ್ಟಗ. ಅದಕ್ಕ ಒಂದೇ ದಿನ ಹಚ್ಚಿದ ಎರಡು ಪಟ್ಟಿ ಹಿಂಗ ಬ್ಯಾರೆ ಬ್ಯಾರೆ ಆಗ್ಯಾವ.

ಗಂಗಾವತಿ_ಲೋಡಿಂಗ್

ನಡುವೆ ಬಾಯಿ ಹಾಕ್ತೀನಿ. ಲೋಡಿಂಗ್ ಟೆಂಪೊ ಬದಿಗೆ ಇರೋ ಹಳದಿ, ಹಿಂದೆ ಇರೋ ಕೆಂಪು ಹೊಳೆಯೋ ಟೇಪು ಇದೇ ಥರ ತೆಗೀಬಹುದಾ?

ಬಳ್ಳಾರಿ_ಬಫಿಂಗ್

ಅದು ಅಲಂಕಾರ ಅಲ್ಲ, ಸರಕು ವಾಹನಕ್ಕೆ ಕಡ್ಡಾಯ ಇರೋ ರಿಫ್ಲೆಕ್ಟಿವ್ ಟೇಪ್. ತೆಗೆದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಲ್ಲ. ಹರಿದಿದ್ದರೆ ಮಾತ್ರ ತೆಗೆದು ಹೊಸದು ಹಚ್ಚಿಸಿ.

ಈಗ ಕೊಪ್ಪಳದವರ ಕೊನೇ ಪ್ರಶ್ನೆ, ಗುರುತು. ಇದರಲ್ಲಿ ಎರಡು ಥರ ಇದೆ, ಎರಡನ್ನೂ ಒಂದೇ ಅಂದ್ಕೊಂಡು ಉಜ್ಜೋರೇ ಜಾಸ್ತಿ.

ಒಂದು, ಬಣ್ಣದ ವ್ಯತ್ಯಾಸ. ಪಟ್ಟಿಯಡಿ ಬಣ್ಣ ಕೆಟ್ಟಿಲ್ಲ, ಸುತ್ತಲಿನದು ಬಿಸಿಲಿಗೆ ಮಾಸಿದೆ. ಕೆಂಪು ಉಳಿದ ಬಣ್ಣಗಳಿಗಿಂತ ಬೇಗ ಮಾಸುತ್ತೆ. ಹಾಗಾಗಿ ಪಟ್ಟಿ ಇದ್ದ ಜಾಗವನ್ನ ಉಜ್ಜಿ ಪ್ರಯೋಜನ ಇಲ್ಲ, ಸುತ್ತಲಿನ ಮಾಸಿದ ಪದರ ತೆಗೀಬೇಕು. ಕ್ಲೇ ಬಾರ್ (ಅಂಟಿದ ಕೊಳೆ ಎತ್ತೋ ಜೇಡಿಯಂಥ ಮುದ್ದೆ) ಆಡಿಸಿ, ಒಂದಡಿ ಚೌಕ ಮಾತ್ರ ಕಾಂಪೌಂಡ್ ಹಾಕಿ ನೋಡಿ. ಬಟ್ಟೆಗೆ ಕೆಂಪು ಬಂದರೆ ಮೇಲೆ ಲ್ಯಾಕರ್ ಇಲ್ಲದ ನೇರ ಬಣ್ಣ, ಅದು ಚೆನ್ನಾಗಿ ಮರಳುತ್ತೆ. ಬರದಿದ್ದರೆ ಲ್ಯಾಕರ್ ಇದೆ, ಹೊಳಪು ಬರುತ್ತೆ, ಅಡಿಯ ಬಣ್ಣ ಮಾಸಿದ್ದು ಹೋಗಲ್ಲ. ಕಂಪನಿ ಬಣ್ಣ ಎಲ್ಲ ಪದರ ಸೇರಿ ಸುಮಾರು 100ರಿಂದ 130 ಮೈಕ್ರಾನ್, ಅದರಲ್ಲಿ ಲ್ಯಾಕರ್ 40ರ ಆಸುಪಾಸು. ಮೂರು ಸಲ ಕಾಂಪೌಂಡ್ ಹಾಕಿ ಸಾಲದಿದ್ದರೆ ನಿಲ್ಲಿಸಿ. ನಾಲ್ಕನೇ ಸಲ ಹಾಕೋರು ಮುಂದಿನ ವರ್ಷ ಬಾನೆಟ್ ಪೇಂಟಿಗೆ ಬರ್ತಾರೆ. ಲ್ಯಾಕರ್ ಈಗಾಗಲೇ ಬೆಳ್ಳಗೆ ಸಿಪ್ಪೆ ಏಳ್ತಿದ್ದರೆ ಕಾಂಪೌಂಡ್ ಹಚ್ಚೋದೇ ದಂಡ.

ಒಂಬತ್ತು ವರ್ಷದ ಕೆಂಪು ಬಣ್ಣದಲ್ಲಿ ಗುರುತು ನೂರಕ್ಕೆ ನೂರು ಹೋಗುತ್ತೆ ಅಂತ ನಾನು ಹೇಳಲ್ಲ. ಓರೆ ಬೆಳಕಲ್ಲಿ ಕಾಣುತ್ತೆ. ತೀರಾ ಕಣ್ಣಿಗೆ ಹೊಡೆದರೆ ಅದೇ ಜಾಗಕ್ಕೆ ಕಾಲಿಂಚು ಅಗಲ ಜಾಸ್ತಿ ಇರೋ ಹೊಸ ಪಟ್ಟಿ ಹಚ್ಚೋದು ಅಗ್ಗದ ದಾರಿ, ನಗಬೇಡಿ.

ಎರಡನೇದು ಬ್ಲೇಡ್ ಗೆರೆ. ಅಂಗಡಿಯಲ್ಲಿ ಪಟ್ಟಿಯನ್ನ ಕಾರಿನ ಮೇಲೇ ಇಟ್ಟು ಬ್ಲೇಡಲ್ಲಿ ಕೊಯ್ದಿದ್ದರೆ, ಅಂಚಿನುದ್ದಕ್ಕೂ ಕೂದಲಂಥ ಗೆರೆ ಸಿಗುತ್ತೆ. ಬಾನೆಟ್ ತುದಿ ಮತ್ತು ಬಾಗಿಲು ಸಂದಿಗಳಲ್ಲಿ ಮೊದಲು ನೋಡಿ, ಕೊಯ್ಯೋದು ಅಲ್ಲೇ ಜಾಸ್ತಿ. ಉಗುರಿಗೆ ಸಿಗದಿದ್ದರೆ ಪಾಲಿಶಲ್ಲಿ ಮರೆಯಾಗುತ್ತೆ. ಸಿಕ್ಕರೆ ಪಾಲಿಶ್ ಬೇಡ. ಗೆರೆಯನ್ನ ಆಲ್ಕೋಹಾಲ್‌ನಲ್ಲಿ ಒರೆಸಿ, ಕಲರ್ ಕೋಡ್ ನೋಡಿ ತಂದ ಟಚ್‌ಅಪ್ ಪೇಂಟನ್ನ ಹಲ್ಲುಕಡ್ಡಿ ತುದಿಯಲ್ಲಿ ತುಂಬಿ. ಗೆರೆಯೊಳಗೆ ಕಂದು ಬಣ್ಣ ಕಂಡರೆ ತುಕ್ಕು ಶುರುವಾಗಿದೆ, ಅದನ್ನ ಕೆರೆದು ಪ್ರೈಮರ್ ಹಚ್ಚದೆ ಮೇಲೆ ಬಣ್ಣ ತುಂಬಬೇಡಿ.

ರಾಯಚೂರು_ಟಿಂಕರಿಂಗ್

ಆ ಡ್ಯೂಕೊ ಬಾಗಿಲಿಗೆ ಮಷೀನ್ ಬಫಿಂಗೂ ಬ್ಯಾಡ್ರಿ. ಕೈಲೇ, ಸಣ್ಣ ಕಣದ ಕಾಂಪೌಂಡ್, ಒಂದೇ ಸಲ. ಟಚ್‌ಅಪ್ ತುಂಬಿದ ಜಾಗಕ್ಕ ಒಂದು ತಿಂಗಳ ತನಕ ವ್ಯಾಕ್ಸ್ ಹಚ್ಚಬ್ಯಾಡ್ರಿ, ಉಳಿದ ಗಾಡಿಗೆ ಅವತ್ತೇ ಹಚ್ರಿ. ಹೊಸದಾಗಿ ತೆರೆದ ಮೈಗೆ ಅದಿರಿನ ಧೂಳು ಹಿಡಿಯೋಕ ತಡ ಆಗಂಗಿಲ್ಲ.