ಸಹಾಯ ಬೇಕು: ಹಿರಿಯ ಸಹಾಯಕರಿಗೆ ಲಿಖಿತ ಸೂಚನೆ ಕೊಡಬಹುದೇ?

ಗ್ರಂಥಪಾಲಕ ಮಿತ್ರರಿಗೆ ನಮಸ್ಕಾರ. ಪದವಿ ಕಾಲೇಜೊಂದರ ಗ್ರಂಥಾಲಯದ ಹೊಣೆ ಹೊತ್ತಿರುವ ನನಗೆ ಸಿಬ್ಬಂದಿಯಿಂದ ಕೆಲಸ ಮಾಡಿಸುವುದು ಇದೇ ಮೊದಲು. ವಯಸ್ಸಿನಲ್ಲೂ ಅನುಭವದಲ್ಲೂ ನನಗಿಂತ ಹಿರಿಯರಾದ ಸಹಾಯಕರೊಬ್ಬರು, ಡ್ಯೂಯಿ ವರ್ಗೀಕರಣದ (ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಪದ್ಧತಿ) 894.814ರ ಅಡಿಯಲ್ಲಿ ಬರುವ ಕನ್ನಡ ಸಾಹಿತ್ಯವನ್ನೆಲ್ಲ ಪುಸ್ತಕದ ಬೆನ್ನಿನ ಮೇಲಿನ ಸಂಖ್ಯೆ ನೋಡದೆ ತಮ್ಮ ನೆನಪಿನ ಕ್ರಮದಲ್ಲೇ ಜೋಡಿಸುತ್ತಾರೆ. ಕೇಳಿದ ಪುಸ್ತಕವನ್ನು ಅವರು ಕ್ಷಣದಲ್ಲಿ ತೆಗೆದುಕೊಡುವುದು ನಿಜ (ಆ ನೆನಪಿಗೆ ನಾನೂ ತಲೆದೂಗಿದ್ದೇನೆ). ಆದರೆ ಅವರು ರಜೆ ಹಾಕಿದ ದಿನ ಕಿರಿಯ ಸಹಾಯಕಿಗೆ ಒಂದು ಕಾದಂಬರಿಯೂ ಸಿಗುವುದಿಲ್ಲ. ಕಪಾಟುಗಳಿಗೆ ಚೀಟಿ ಅಂಟಿಸಿದೆ, ಇಬ್ಬರನ್ನೂ ಕೂರಿಸಿ ಮಾತನಾಡಿದೆ. “ಆಗಲಿ ಮೇಡಂ” ಎಂದವರು ಹಳೆಯ ರೀತಿಗೇ ಮರಳಿದರು. ವಾರ್ಷಿಕ ಪುಸ್ತಕ ಪರಿಶೀಲನೆ ಹತ್ತಿರವಾಗಿದೆ. ಇಂಥ ಸ್ಥಿತಿಯಲ್ಲಿ ನೀವು ಮೊದಲು ಏನು ಮಾಡಿದಿರಿ: ಪ್ರಾಂಶುಪಾಲರ ಸಹಿಯೊಂದಿಗೆ ಲಿಖಿತ ಸೂಚನೆ ಕೊಟ್ಟಿರೋ, ಇಲ್ಲವೇ ಕಿರಿಯರಿಗೆ ಕಲಿಸುವ ಹೊಣೆಯನ್ನೇ ಅವರಿಗೆ ಒಪ್ಪಿಸಿದಿರೋ?